ಒಲೆ ಕಾವು ಅಂದುಕೊಂಡು ಎರಡು ವರ್ಷ ಕಳೆದೆ: ಹಾರ್ಮೋನ್ ಜೆಲ್ ಮತ್ತು ಮಾತ್ರೆ, ಹತ್ತು ತಿಂಗಳ ಅನುಭವ

ಐದಕ್ಕೆ ನಾಲ್ಕು ಸ್ಟಾರ್. ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ಹತ್ತು ತಿಂಗಳಿಂದ ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಚರ್ಮಕ್ಕೆ ಹಚ್ಚುವ ಈಸ್ಟ್ರೊಜೆನ್ ಜೆಲ್ ಒಂದು, ರಾತ್ರಿ ನುಂಗುವ ಪ್ರೊಜೆಸ್ಟೆರಾನ್ ಮಾತ್ರೆ ಒಂದು. ಎರಡೂ ಹೆಣ್ಣಿನ ಮೈಯಲ್ಲೇ ತಯಾರಾಗುವ ಹಾರ್ಮೋನ್‌ಗಳು. ಮಿಕ್ಸಿ ಕೊಂಡರೆ, ಮೊಬೈಲ್ ಕೊಂಡರೆ ಹೇಗಿದೆ ಅಂತ ನೂರು ಜನ ಬರೆಯುತ್ತಾರೆ. ಇದರ ಬಗ್ಗೆ ನಮ್ಮ ಕಡೆಯ ಹೆಂಗಸರು ಬರೆದದ್ದು ಹುಡುಕಿದಾಗ ನನಗೆ ಒಂದೂ ಸಿಗಲಿಲ್ಲ. ಅದಕ್ಕೇ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ನನಗೆ 50 ವರ್ಷ. ದಾವಣಗೆರೆ ವಿನೋಬನಗರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ದಿನಕ್ಕೆ ಇನ್ನೂರೈವತ್ತು, ಮದುವೆ ಸೀಸನ್‌ನಲ್ಲಿ ನಾನೂರರ ತನಕ. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚಿದರೆ ಹನ್ನೊಂದರವರೆಗೆ ಹಂಚಿನ ಮುಂದೆಯೇ ಇರಬೇಕು. ಹಾಗಾಗಿ 2023ರ ಬೇಸಿಗೆಯಲ್ಲಿ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಝಳ ಏರಿದ ಹಾಗೆ ಆಗತೊಡಗಿದಾಗ ಒಲೆ ಕಾವೇ ಅಂದುಕೊಂಡೆ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತೇ ಇದೆಯಲ್ಲ. ಟೇಬಲ್ ಫ್ಯಾನ್ ತಂದೆ. ಅದರ ಗಾಳಿಗೆ ಗ್ಯಾಸ್ ಉರಿ ಅಲುಗಾಡಿ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕು. ಫ್ಯಾನ್ ತೆಗೆದಿಟ್ಟೆ. ಮಳೆಗಾಲ ಬಂತು, ಝಳ ಹೋಗಲಿಲ್ಲ. ಡಿಸೆಂಬರ್ ಚಳಿಯಲ್ಲಿ, ರಾತ್ರಿ ಎರಡು ಗಂಟೆಗೆ, ಒಲೆ ಆರಿ ಎಷ್ಟೋ ಹೊತ್ತಾದ ಮೇಲೂ ರವಿಕೆ ಹಿಂಡುವಷ್ಟು ಬೆವೆತು ಎದ್ದು ಕೂರುತ್ತಿದ್ದೆ. ಐದು ನಿಮಿಷಕ್ಕೆ ಬೆವರು ಆರಿ ನಡುಕ ಬರುತ್ತಿತ್ತು. ಮತ್ತೆ ಹೊದಿಕೆ. ಮತ್ತೆ ಒಂದು ಗಂಟೆಗೆ ಅದೇ.

2024ರ ದುಗ್ಗಮ್ಮನ ಜಾತ್ರೆ ಮರೆಯಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು, ಹಾಲ್‌ನಲ್ಲಿ ಸಾಲಾಗಿ ಹಾಸಿಗೆ. ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿ ಪಕ್ಕ ನಿಂತೆ. ಬೆಳಿಗ್ಗೆ ಹೋಳಿಗೆ ಬಡಿಸುವಾಗ ನನ್ನ ತಂಗಿ ಗಂಡ ಇನ್ನೊಂದು ಕೇಳಿದ್ದಕ್ಕೆ ಎಲ್ಲರ ಮುಂದೆ ಸಿಡುಕಿಬಿಟ್ಟೆ. ಅವರು ಊಟ ಅಲ್ಲಿಗೇ ನಿಲ್ಲಿಸಿ ಎದ್ದರು. ಒಳಗೆ ಹೋಗಿ ಅತ್ತುಬಿಟ್ಟೆ. ನಾನು ಹಂಗಿರಲಿಲ್ಲ. ಅದಾದ ತಿಂಗಳಿಗೆ, ಯುಗಾದಿ ಹೊತ್ತಿಗೆ ಬಂದ ಮುಟ್ಟೇ ಕೊನೆಯದು.

ಮೊದಲು ಮಾಡಿದ್ದು ಏನು ಅಂತಲೂ ಹೇಳಬೇಕು, ಯಾಕೆಂದರೆ ಎಲ್ಲರೂ ಇದನ್ನೇ ಮಾಡುತ್ತಾರೆ. ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಗಿಡಮೂಲಿಕೆ ಪುಡಿ ತರಿಸಿದೆ. ಮೂರು ತಿಂಗಳು ಹಾಲಿಗೆ ಹಾಕಿ ಕುಡಿದೆ. ನನಗೆ ಏನೂ ಆಗಲಿಲ್ಲ. ಆಮೇಲೆ ಒಂದು ಆಸ್ಪತ್ರೆಗೆ ಹೋದೆ, ಹೆಸರು ಬೇಡ. ಅಲ್ಲಿ ಒಳಗೆ ಕೂತದ್ದು ನಾಲ್ಕು ನಿಮಿಷ ಇರಬಹುದು. "ವಯಸ್ಸಾಯ್ತಲ್ಲಮ್ಮ, ಎಲ್ಲರಿಗೂ ಆಗುತ್ತೆ, ಸಹಿಸಿಕೊಳ್ಳಬೇಕು" ಅಂದರು. ಕ್ಯಾಲ್ಸಿಯಂ ಬರೆದರು. ಜೊತೆಗೆ ಹಾರ್ಮೋನ್ ಟೆಸ್ಟ್ ಅಂತ ಉದ್ದ ಪಟ್ಟಿ. ಆ ಟೆಸ್ಟ್‌ನ ರಿಪೋರ್ಟ್ ತೆಗೆದುಕೊಂಡು ಹೋದರೆ ಮತ್ತೆ ಅದೇ ಮಾತು. 45 ದಾಟಿದವರಿಗೆ ಹೀಗೆ ಝಳ ಬರುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಅದನ್ನು ಗುರುತಿಸಲು ಸಾಮಾನ್ಯವಾಗಿ ಹಾರ್ಮೋನ್ ರಕ್ತಪರೀಕ್ಷೆ ಬೇಕೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಲಕ್ಷಣ ಕೇಳಿದರೆ ಸಾಕು. ನನ್ನನ್ನು ಅಲ್ಲಿ ಯಾರೂ ಕೇಳಲಿಲ್ಲ.

ಮನೆಯಲ್ಲಿ ಅತ್ತೆಯವರು, "ನಮಗೂ ನಿಂತಿತ್ತು, ನಾವೇನು ಡಾಕ್ಟರ ಹತ್ರ ಓಡಿದ್ವಾ" ಅಂದರು. ಅವರನ್ನು ತಪ್ಪು ಅನ್ನಲ್ಲ. ಅವರಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆದರೆ ಅದೇ ಅತ್ತೆ 68ನೇ ವಯಸ್ಸಿಗೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ, ಮೊದಲ ಕೆಲವು ವರ್ಷದಲ್ಲೇ ಮೂಳೆ ಬೇಗ ಬೇಗ ಸವೆಯುತ್ತದೆ. ಹೊರಗೆ ಏನೂ ಕಾಣಲ್ಲ. ಬಿದ್ದಾಗಲೇ ಕಾಣುವುದು.

2025ರ ಜೂನ್‌ನಲ್ಲಿ ಈಗ ತೋರಿಸುತ್ತಿರುವ ಡಾಕ್ಟರ್ ಹತ್ತಿರ ಹೋದೆ. ಹೆಣ್ಣುಮಗಳು, ನನಗಿಂತ ಚಿಕ್ಕವರು. ಕೂತ ಮೇಲೆ ಮೊದಲು ಕೇಳಿದ್ದು "ಏನು ಕೆಲಸ ಮಾಡ್ತೀರಮ್ಮ?" ಅಂತ. ರೊಟ್ಟಿ ಅಂದೆ. ಒಲೆ ಮುಂದೆ ಎಷ್ಟು ಹೊತ್ತು, ರಾತ್ರಿ ಎಷ್ಟು ಸಲ ಏಳುತ್ತೀರಿ, ದಿನಕ್ಕೆ ಎಷ್ಟು ಸಲ ಝಳ ಬರುತ್ತದೆ, ಮೂತ್ರ ಉರಿ ಇದೆಯಾ, ಗಂಡ ಹೆಂಡತಿ ಸೇರುವಾಗ ನೋವಾ, ಎಲ್ಲ ಒಂದೊಂದಾಗಿ ಕೇಳಿದರು. ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡು ಹದಿಮೂರು ಸಲ ಬರುತ್ತಿತ್ತು. ಎಣಿಸಿದ್ದೇ ಅವತ್ತು ಮೊದಲು.

ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಮೈ ಎಷ್ಟು ಬಿಸಿ ಇರಬೇಕು ಅಂತ ನೋಡಿಕೊಳ್ಳುವ ಜಾಗ ಮೆದುಳಿನಲ್ಲಿದೆ. ಈಸ್ಟ್ರೊಜೆನ್ ಇಳಿದಾಗ ಅದು ಸೂಕ್ಷ್ಮವಾಗುತ್ತದೆ. ಚೂರು ಬಿಸಿ ಹೆಚ್ಚಾದರೂ ಸಾಕು, ಮೈ ಬೇಯುತ್ತಿದೆ ಅಂದುಕೊಂಡು ರಕ್ತವನ್ನು ಚರ್ಮಕ್ಕೆ ನುಗ್ಗಿಸಿ ಬೆವರು ತರಿಸಿ ತಂಪು ಮಾಡಲು ಹೋಗುತ್ತದೆ. ಅದೇ ಝಳ, ಅದರ ಹಿಂದೆಯೇ ಬರುವ ನಡುಕ. ಒಲೆ ಅದಕ್ಕೆ ಕಾರಣ ಅಲ್ಲ, ಆದರೆ ಒಲೆ ಮುಂದೆ ಕೂತವರಿಗೆ ಅದು ಸುಲಭವಾಗಿ ಬರುತ್ತದೆ. ಇದನ್ನು ಕೇಳಿದಾಗ ನನಗೆ ಎಷ್ಟು ಹಗುರ ಅನ್ನಿಸಿತು ಗೊತ್ತಾ. ಹುಚ್ಚು ಹಿಡಿಯುತ್ತಿದೆ ಅಂತ ಒಳಗೊಳಗೇ ಹೆದರಿದ್ದೆ ನಾನು.

ಹಾಗಂತ ತಕ್ಷಣ ಔಷಧಿ ಬರೆಯಲಿಲ್ಲ. ಬಿಪಿ, ತೂಕ, ಶುಗರ್, ಥೈರಾಯ್ಡ್, ಕೊಲೆಸ್ಟ್ರಾಲ್, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇದೆಯಾ ಅಂತ ನೋಡುವ ಪ್ಯಾಪ್ ಟೆಸ್ಟ್, ಗರ್ಭಕೋಶದ ಸ್ಕ್ಯಾನ್, ಸ್ತನದ ಎಕ್ಸ್‌ರೇ ಅಂದರೆ ಮ್ಯಾಮೊಗ್ರಾಂ. ನಮ್ಮ ಮನೆತನದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ, ನನಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಲಿವರ್ ತೊಂದರೆ, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಮುಟ್ಟು ನಿಂತ ಮೇಲೆ ರಕ್ತ ಕಂಡಿತ್ತಾ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ ಸಾಮಾನ್ಯವಾಗಿ ಈ ಹಾರ್ಮೋನ್ ಕೊಡಲ್ಲ. ಇದನ್ನೆಲ್ಲ ಕೇಳದೆ ಯಾರಾದರೂ ಚೀಟಿ ಬರೆದುಕೊಟ್ಟರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತರುವ ವಸ್ತುವಂತೂ ಅಲ್ಲವೇ ಅಲ್ಲ.

ಕ್ಯಾನ್ಸರ್ ಬರಲ್ವಾ ಅಂತ ನಾನೂ ಕೇಳಿದೆ. ಎಲ್ಲರ ಹೆದರಿಕೆಯೂ ಅದೇ. ಆ ಹೆದರಿಕೆ ಜಾಸ್ತಿಯಾಗಿದ್ದು 2002ರಿಂದ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ದೊಡ್ಡ ಅಧ್ಯಯನ ನಡೆದಿತ್ತು. ಎರಡೂ ಹಾರ್ಮೋನ್ ಸೇರಿದ ಮಾತ್ರೆಯ ಭಾಗದಲ್ಲಿ ಹದಿನಾರು ಸಾವಿರಕ್ಕೂ ಜಾಸ್ತಿ ಹೆಂಗಸರು ಇದ್ದರು. 2002ರ ಜುಲೈನಲ್ಲಿ ಅದನ್ನು ಮಧ್ಯದಲ್ಲೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರಲ್ಲಿ, ಹೋಲಿಸಲು ಕೊಟ್ಟ, ಔಷಧಿ ಇಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ 30 ಜನಕ್ಕೆ ಸ್ತನದ ಕ್ಯಾನ್ಸರ್ ಬಂದರೆ ಹಾರ್ಮೋನ್ ತಿಂದವರಲ್ಲಿ 38 ಜನಕ್ಕೆ. ಎಂಟು ಜನ ಜಾಸ್ತಿ. ಎಂಟು ಅಂದರೆ ಸೊನ್ನೆ ಅಲ್ಲ, ಅದನ್ನು ಡಾಕ್ಟರ್ ಮುಚ್ಚಿಡಲಿಲ್ಲ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63, ಮುಟ್ಟು ನಿಂತು ಎಷ್ಟೋ ವರ್ಷ ಆದವರೇ ಹೆಚ್ಚು. ಕೊಟ್ಟಿದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್, ಜೊತೆಗೆ ಪ್ರೊಜೆಸ್ಟೆರಾನ್ ಥರ ಕೆಲಸ ಮಾಡುವ ಬೇರೆ ಔಷಧಿ, ಪ್ರೊಜೆಸ್ಟಿನ್ ಅಂತ. 60 ದಾಟದವರಿಗೆ, ಮುಟ್ಟು ನಿಂತು 10 ವರ್ಷ ಆಗದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಲಾಭವೇ ಹೆಚ್ಚು ಅಂತ ಈಗ ತಜ್ಞರು ಹೇಳುತ್ತಾರೆ. ನಾನು ಔಷಧಿ ಶುರು ಮಾಡಿದ ಮೇಲೆ, 2025ರ ನವೆಂಬರ್‌ನಲ್ಲಿ, ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಈ ಔಷಧಿಗಳ ಮಾಹಿತಿ ಚೀಟಿಯಲ್ಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಬಹುಪಾಲು ತೆಗೆಸುವುದಾಗಿ ಹೇಳಿತು. ಮಗಳು ಫೋನ್‌ನಲ್ಲಿ ಓದಿ ಹೇಳಿದಳು.

ಈಗ ವಸ್ತುವಿನ ವಿಷಯಕ್ಕೆ ಬರೋಣ. ಜೆಲ್ ಬಣ್ಣ ಇಲ್ಲದ್ದು, ಹಚ್ಚಿದರೆ ತಣ್ಣಗೆ. ಜಿಡ್ಡಿಲ್ಲ, ಸೀರೆಗೆ ಕಲೆ ಆಗಲ್ಲ. ಮೊದಲು ಅರ್ಧ ಅಳತೆ, ಆರು ವಾರದ ಮೇಲೆ ಪೂರ್ತಿ ಅಳತೆ, ಅಂದರೆ ಎರಡೂವರೆ ಗ್ರಾಂ. ಅದರಲ್ಲಿ ಔಷಧಿ ಇರುವುದು 1.5 ಮಿಲಿಗ್ರಾಂ ಮಾತ್ರ. 80 ಗ್ರಾಂ ಟ್ಯೂಬ್ ತಿಂಗಳಿಗೆ ಸರಿಹೋಗುತ್ತದೆ. ಈಸ್ಟ್ರೊಜೆನ್ ಮಾತ್ರೆಯೂ ಸಿಗುತ್ತದೆ, ಆದರೆ ನುಂಗಿದ್ದು ಮೊದಲು ಲಿವರ್‌ಗೆ ಹೋಗಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚಿಸುತ್ತದೆ. ಚರ್ಮದಿಂದ ಇಳಿಯುವುದಕ್ಕೆ ಆ ಕಾಟ ಇಲ್ಲ. ನನ್ನ ತೂಕ ಸ್ವಲ್ಪ ಜಾಸ್ತಿ, ಅದಕ್ಕೇ ಜೆಲ್.

ನನ್ನಂಥ ಕೆಲಸ ಮಾಡುವವರು ಇದನ್ನು ಗಮನ ಇಟ್ಟು ಓದಿ. ಜೆಲ್‌ನಲ್ಲಿ ಸ್ಪಿರಿಟ್ ಇದೆ. ಹಸಿ ಇರುವಾಗ ಬೆಂಕಿ ಹತ್ತಿರ ಹೋಗಬಾರದು. ಸಾಮಾನ್ಯವಾಗಿ ಬೆಳಿಗ್ಗೆ ಸ್ನಾನ ಆದ ಮೇಲೆ ಹಚ್ಚಿ ಅಂತ ಹೇಳುತ್ತಾರಂತೆ, ನನಗೆ ಮಾತ್ರ ರಾತ್ರಿ ಹೇಳಿದರು, ನಾನು ಐದಕ್ಕೆ ಸ್ನಾನ ಮಾಡಿ ಐದೂವರೆಗೆ ಒಲೆ ಹಚ್ಚುತ್ತೇನೆ ಅಂತ ಮೊದಲೇ ಕೇಳಿ ತಿಳಿದುಕೊಂಡಿದ್ದರಲ್ಲ, ಅದಕ್ಕೆ. ಇನ್ನೊಂದು, ಹಚ್ಚಿದ ಜಾಗ ಬೇರೆಯವರ ಮೈಗೆ ತಾಗಿದರೆ ಅವರಿಗೂ ಔಷಧಿ ಹೋಗುತ್ತದೆ. ಮೊಮ್ಮಗ ಬಂದರೆ ತೋಳಿಗೇ ಜೋತುಬೀಳುತ್ತಾನೆ. ಹಾಗಾಗಿ ಅವನು ಮಲಗಿದ ಮೇಲೆ ತೊಡೆಯ ಒಳಭಾಗಕ್ಕೆ ಹಚ್ಚಿ, ಐದು ನಿಮಿಷ ಆರಲು ಬಿಟ್ಟು, ಕೈ ಸೋಪಿನಲ್ಲಿ ತೊಳೆಯುತ್ತೇನೆ. ಹಿಟ್ಟು ನಾದುವ ಕೈ ಅಲ್ವಾ. ಎದೆಗೆ ಮಾತ್ರ ಯಾವತ್ತೂ ಹಚ್ಚಬಾರದು.

ಪ್ರೊಜೆಸ್ಟೆರಾನ್ ಯಾಕೆ ಅಂದರೆ, ಗರ್ಭಕೋಶ ಇರುವವರು ಬರೀ ಈಸ್ಟ್ರೊಜೆನ್ ಹಚ್ಚಿದರೆ ಗರ್ಭಕೋಶದ ಒಳಪದರ ಬೆಳೆಯುತ್ತಾ ಹೋಗಿ ಮುಂದೆ ಅಲ್ಲಿ ಕ್ಯಾನ್ಸರ್ ಆಗಬಹುದು. ಪ್ರೊಜೆಸ್ಟೆರಾನ್ ಅದನ್ನು ತಡೆಯುತ್ತದೆ. ಹಾಗಾಗಿ ಜೆಲ್ ಹಿಡಿಸಿತು, ಮಾತ್ರೆ ಬೇಡ ಅನ್ನುವ ಹಾಗಿಲ್ಲ. ನನಗೆ ಮುಟ್ಟು ನಿಂತು ಒಂದು ವರ್ಷ ದಾಟಿದ್ದರಿಂದ ದಿನಾ 100 ಮಿಲಿಗ್ರಾಂ. ಇನ್ನೂ ಮುಟ್ಟು ಬರುತ್ತಿರುವವರಿಗೆ ತಿಂಗಳಲ್ಲಿ ಕೆಲವು ದಿನ ಮಾತ್ರ ಕೊಡುವ ಕ್ರಮ ಇದೆ. ಇದು ಒಳ್ಳೆ ನಿದ್ದೆ ತರುತ್ತದೆ, ಮಲಗುವ ಹೊತ್ತಿಗೇ ನುಂಗಬೇಕು. ಒಂದು ದಿನ ಬೇಗ ಮುಗಿಸೋಣ ಅಂತ ಎಂಟು ಗಂಟೆಗೇ ನುಂಗಿ ಪಾತ್ರೆ ತೊಳೆಯಲು ನಿಂತೆ, ತಲೆ ತಿರುಗಿ ಸಿಂಕ್ ಹಿಡಿದುಕೊಂಡೆ.

ಗುಣ ಯಾವಾಗ ಕಂಡಿತು? ಮೊದಲ ವಾರವೇ ನಿದ್ದೆ. ಝಳ ಮೂರನೇ ವಾರದಿಂದ ಕಡಿಮೆ ಆಗುತ್ತಾ ಬಂತು, ಎರಡು ತಿಂಗಳ ಹೊತ್ತಿಗೆ ದಿನಕ್ಕೆ ಒಂದೋ ಎರಡೋ. ಈಗ ವಾರಕ್ಕೊಂದು ಬಂದರೂ ಸಣ್ಣದು, ಬಂದದ್ದೇ ಗೊತ್ತಾಗಲ್ಲ. ಒಂದು ದಿನ ಬೆಳಿಗ್ಗೆ ನಲವತ್ತನೇ ರೊಟ್ಟಿ ಬಡಿಯುವಾಗ ಮುಖಕ್ಕೆ ಬಿಸಿ ತಾಗಿತು. ಹಂಚಿನಿಂದ ಹಿಂದೆ ಸರಿದೆ. ತಣ್ಣಗಾಯಿತು. ಅಷ್ಟೇ, ಹಿಂದೆ ಸರಿದರೆ ತಣ್ಣಗಾಗುವ ಬಿಸಿ. ಬರೀ ಒಲೆಯದು. ಕಣ್ಣಲ್ಲಿ ನೀರು ಬಂತು ನನಗೆ. ಕೆಲಸಕ್ಕೆ ಬರುವ ಹುಡುಗಿ "ಯಾಕಕ್ಕ, ಹೊಗೆನಾ?" ಅಂತ ಕೇಳಿದಳು.

ಲೆಕ್ಕವೂ ತಲೆಯಲ್ಲಿ ನಿಲ್ಲತೊಡಗಿತು. ಮುಂಚೆ ಯಾವ ಖಾನಾವಳಿಗೆ ಎಷ್ಟು ಡಜನ್ ಅಂತ ಬಾಯಲ್ಲಿ ಇರುತ್ತಿತ್ತು, ಆ ಎರಡು ವರ್ಷ ಚೀಟಿ ಬರೆದರೂ ಚೀಟಿ ಎಲ್ಲಿಟ್ಟೆ ಅಂತ ಮರೆಯುತ್ತಿದ್ದೆ. ಹಾರ್ಮೋನ್‌ನಿಂದಲೋ, ನಿದ್ದೆ ಸರಿಹೋದದ್ದರಿಂದಲೋ, ಅಂತೂ ಈಗ ಪರವಾಗಿಲ್ಲ. ಬೆರಳ ಗೆಣ್ಣು ನೋವು ಅರ್ಧ ಇಳಿದಿದೆ. ಪೂರ್ತಿ ಅಲ್ಲ.

ಇನ್ನು ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ. ಮೊದಲ ಒಂದೂವರೆ ತಿಂಗಳು ಎದೆ ಬಿಗಿದು ನೋಯುತ್ತಿತ್ತು, ಹೊಟ್ಟೆ ಉಬ್ಬರ. ಮೂರನೇ ತಿಂಗಳಲ್ಲಿ ಎರಡು ದಿನ ರಕ್ತದ ಚುಕ್ಕೆ ಕಂಡು ಜೀವ ಹಾರಿಹೋಯಿತು. ಮೊದಲ ಕೆಲವು ತಿಂಗಳು ಹೀಗಾಗುವುದುಂಟು ಅಂತ ಡಾಕ್ಟರ್ ಮೊದಲೇ ಹೇಳಿದ್ದರು, ಆದರೂ ಹೋದೆ, ಸ್ಕ್ಯಾನ್ ಮಾಡಿ ಒಳಪದರ ತೆಳ್ಳಗೇ ಇದೆ ಅಂದರು. ಆಮೇಲೆ ಕಾಣಲಿಲ್ಲ. ಆರು ತಿಂಗಳ ಮೇಲೂ ಕಂಡರೆ, ಅಥವಾ ನಿಂತದ್ದು ಮತ್ತೆ ಬಂದರೆ ಸುಮ್ನೆ ಇರಬಾರದು. ಕೆಳಗಿನ ಒಣತನ, ಮೇಲಿಂದ ಮೇಲೆ ಬರುತ್ತಿದ್ದ ಮೂತ್ರದ ಉರಿ ಜೆಲ್‌ನಿಂದ ಪೂರ್ತಿ ಹೋಗಲಿಲ್ಲ. ಅದಕ್ಕೆ ಬೇರೆ ಕ್ರೀಮ್ ಕೊಟ್ಟರು, ಎಸ್ಟ್ರಿಯಾಲ್ ಅಂತ, ಒಳಗೆ ಹಾಕುವಂಥದ್ದು, ಮೊದಲು ದಿನಾ, ಆಮೇಲೆ ವಾರಕ್ಕೆರಡು ಸಲ. ಅದರಿಂದ ಹೋಯಿತು. ಇದನ್ನು ಹೆಂಗಸರು ಬಾಯಿಬಿಟ್ಟು ಹೇಳಲ್ಲ. ಹೇಳಿ. ತೂಕ ಒಂದು ಕೆಜಿಯೂ ಇಳಿಯಲಿಲ್ಲ, ಅದಕ್ಕೆ ಇದು ಔಷಧಿ ಅಲ್ಲ. ಕುಂದವಾಡ ಕೆರೆ ಏರಿ ಮೇಲೆ ಸಂಜೆ ನಡೆಯಲು ಹೋಗುತ್ತಿದ್ದೇನೆ.

ಸಿಗುವುದೂ ಕಷ್ಟ. ನಮ್ಮ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಜೆಲ್ ಇರಲ್ಲ, ಪಿ.ಜೆ. ಬಡಾವಣೆ ಕಡೆ ನಾಲ್ಕು ಅಂಗಡಿ ಕೇಳಿದ ಮೇಲೆ ಒಬ್ಬರು ತರಿಸಿಕೊಟ್ಟರು. ಟ್ಯೂಬ್ ಮುಗಿಯುವ ಒಂದು ವಾರ ಮುಂಚೆ ಹೇಳಿಡುತ್ತೇನೆ. ಕೇಳುವಾಗ ಅಂಗಡಿ ಹುಡುಗ "ಆಂಟಿ, ಇದು ಯಾರಿಗೆ?" ಅಂತ ದೊಡ್ಡ ದನಿಯಲ್ಲಿ ಕೇಳಿದ, ನನಗೇ ಅಂದೆ. ಖರ್ಚು ನನಗೆ ಎರಡೂ ಸೇರಿ ತಿಂಗಳಿಗೆ ಸಾವಿರದಿಂದ ಸಾವಿರದೈನೂರರ ನಡುವೆ ಬೀಳುತ್ತಿದೆ. ಹತ್ತು ರೂಪಾಯಿಗೊಂದು ರೊಟ್ಟಿ ಅಂದರೆ ನೂರರಿಂದ ನೂರೈವತ್ತು ರೊಟ್ಟಿ, ಹೆಚ್ಚುಕಡಿಮೆ ಅರ್ಧ ದಿನದ ದುಡಿಮೆ. ನನಗೆ ಭಾರ ಅಲ್ಲ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಇದು ಭಾರವೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಔಷಧಿ ಸಲೀಸಾಗಿ ಕೈಗೆ ಸಿಗುವಂತೆ ಆಗಬೇಕು ಅಂತ ನನ್ನ ಆಸೆ.

ನನ್ನ ಅಕ್ಕನ ವಿಷಯ ಬರೆಯದೆ ಇರಲಾರೆ. ಅವಳು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿರುವುದು. 39ನೇ ವಯಸ್ಸಿಗೆ ಬಿಳಿಮುಟ್ಟು, ಹೊಟ್ಟೆನೋವು ಅಂತ ಹೋದರೆ ಒಂದು ನರ್ಸಿಂಗ್ ಹೋಂನಲ್ಲಿ ಗರ್ಭಕೋಶ ತೆಗೆದರು. ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ ಅವಳಿಗೆ ಗೊತ್ತಾಗಿದ್ದು ವರ್ಷಗಳ ಮೇಲೆ, ಹಳೇ ಕಾಗದವನ್ನು ನನ್ನ ಡಾಕ್ಟರ್‌ಗೆ ತೋರಿಸಿದಾಗ. ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ತೊಂದರೆಯೆಲ್ಲ ಒಂದೇ ಸಲ ಬಂದು ಬೀಳುತ್ತದೆ. ಅಷ್ಟು ಚಿಕ್ಕ ವಯಸ್ಸಿನವರಿಗೆ, ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನ್ ಕೊಡಬೇಕು ಅನ್ನುತ್ತಾರೆ, ಮೂಳೆಗೂ ಹೃದಯಕ್ಕೂ ಒಳ್ಳೆಯದು ಅಂತ. ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೊಜೆನ್ ಸಾಕು, ಅದೇ ಅಮೆರಿಕದ ಅಧ್ಯಯನದಲ್ಲಿ ಅಂಥವರಿಗೆ ಸ್ತನದ ಕ್ಯಾನ್ಸರ್ ಜಾಸ್ತಿ ಆಗಲಿಲ್ಲ. ಅಕ್ಕನಿಗೆ ಯಾರೂ ಹೇಳಲಿಲ್ಲ. ಈಗ ಅವಳಿಗೆ 54. ಮೂಳೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಸವೆದಿದೆ ಅಂತ ಬಂದಿದೆ, ಅದಕ್ಕೆ ಈಗ ಬೇರೆ ಔಷಧಿ ನಡೆಯುತ್ತಿದೆ. ಹದಿನೈದು ವರ್ಷ ಅವಳು ಹೊಲದಲ್ಲಿ ಕಳೆ ಕೀಳುತ್ತಾ, ಈ ಬೆಂಕಿಯನ್ನು ಬಿಸಿಲು ಅಂದುಕೊಂಡೇ ಬದುಕಿದಳು. ನನಗೆ ಈ ಸಿಟ್ಟು ಇಳಿಯಲ್ಲ.

ನಮ್ಮ ಪಕ್ಕದ ಮನೆಯವರಿಗೆ ಸ್ತನದ ಕ್ಯಾನ್ಸರ್ ಆಗಿ ಗುಣವಾಗಿದೆ, ಅವರಿಗೆ ಹಾರ್ಮೋನ್ ಕೊಡಲಿಲ್ಲ. ಆದರೆ ಬರಿಗೈಲಿ ಕಳಿಸಲಿಲ್ಲ, ಖಿನ್ನತೆಗೆ ಕೊಡುವ ಮಾತ್ರೆಯನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟಿದ್ದಾರೆ, ಝಳ ಅರ್ಧಕ್ಕರ್ಧ ಕಡಿಮೆಯಾಗಿದೆ ಅನ್ನುತ್ತಾರೆ.

ಈ ಸಲದ ಜಾತ್ರೆಗೆ ತಂಗಿ, ಅವಳ ಗಂಡ ಮತ್ತೆ ಬಂದಿದ್ದರು. ಬರಲ್ಲವೇನೋ ಅಂದುಕೊಂಡಿದ್ದೆ. ನಾನೇ ಕೂತು ಬಡಿಸಿದೆ, ಮೂರು ಹೋಳಿಗೆ ತಿಂದರು. ರಾತ್ರಿ ಹಾಲ್‌ನಲ್ಲಿ ಎಲ್ಲರ ನಡುವೆ ಮಲಗಿದವಳು ಎದ್ದದ್ದು ಬೆಳಗಿನ ಕುಕ್ಕರ್ ಸದ್ದಿಗೆ.

ಎಷ್ಟು ವರ್ಷ ಹಚ್ಚಬೇಕು ಅಂತ ಕೇಳಿದ್ದಕ್ಕೆ, ವರ್ಷಕ್ಕೊಮ್ಮೆ ಕೂತು ನೋಡಿ ತೀರ್ಮಾನ ಮಾಡೋಣ ಅಂದಿದ್ದಾರೆ. ಜೂನ್‌ಗೆ ಒಂದು ವರ್ಷ ಆಗುತ್ತದೆ, ಮತ್ತೆ ಮ್ಯಾಮೊಗ್ರಾಂ ಇದೆ. ರಿಪೋರ್ಟ್ ಬಂದ ಮೇಲೆ ಇದರ ಕೆಳಗೇ ಬರೆಯುತ್ತೇನೆ.